ಅಜ್ಜಿಯ ಸೇರು, ಮೊಮ್ಮಗಳ ಕಿಲೋ

ಕಳೆದ ಮಾಘಮಾಸದಲ್ಲಿ ಹೊನ್ನಾಳಿ ಸೀಮೆಯ ಹಳ್ಳಿಯೊಂದರ ಶರಣ ಕುಟುಂಬದವರು ನಮ್ಮನ್ನು ಬರಮಾಡಿಕೊಂಡಿದ್ದರು. ಆ ಮನೆಯ ಹಿರಿಯ ತಾಯಿ ಲಿಂಗೈಕ್ಯರಾಗಿ ಒಂದು ವರ್ಷ ತುಂಬುವುದರಲ್ಲಿತ್ತು. ಪ್ರಥಮ ಪುಣ್ಯಸ್ಮರಣೆಯ ದಿನದ ಗಣಾರಾಧನೆಯಲ್ಲಿ ಆ ತಾಯಿಯ ಕೈರುಚಿಯ ಹೋಳಿಗೆಯನ್ನೇ ಬಡಿಸಬೇಕೆಂಬುದು ಮನೆಯವರೆಲ್ಲರ ಆಸೆಯಾಗಿತ್ತು. ಅದಕ್ಕೆ ಆಧಾರವೂ ಇತ್ತು. ಮನೆಯ ಹಳೆಯ ಲೆಕ್ಕದ ಪುಸ್ತಕವೊಂದರ ಹಿಂಬದಿಯ ಹಾಳೆಗಳಲ್ಲಿ ಆ ತಾಯಿ ತಮ್ಮ ಹರೆಯದ ದಿನಗಳಲ್ಲೇ ಅಡುಗೆಯ ಪ್ರಮಾಣಗಳನ್ನು ಬರೆದಿಟ್ಟಿದ್ದರು. ಹೋಳಿಗೆಯ ವಿಷಯದಲ್ಲಿ ಇದ್ದುದು ಒಂದೇ ಸಾಲು: ಸೇರು ಕಡಲೆಬೇಳೆಗೆ ಮೂರು ಸೇರು ಬೆಲ್ಲ.

ನಗರದಲ್ಲಿ ಉದ್ಯೋಗದಲ್ಲಿರುವ ಮೊಮ್ಮಗಳು ಒಂದು ವಾರ ಮುಂಚಿತವಾಗಿಯೇ ಬಂದು ಪರೀಕ್ಷೆಗೆಂದು ಹೂರಣ ಮಾಡಿ ನೋಡಿದ್ದಳು. ಸೇರೆಂದರೆ ಹೆಚ್ಚುಕಡಿಮೆ ಒಂದು ಕಿಲೋ ಎಂದು ಯಾರೋ ಹೇಳಿದ್ದರಿಂದ ಒಂದು ಕಿಲೋ ಬೇಳೆಗೆ ಮೂರು ಕಿಲೋ ಬೆಲ್ಲ ಹಾಕಿದ್ದಳು. ಹೂರಣವಾಗುವ ಬದಲು ಅದು ಪಾಕವಾಗಿ ಹರಿಯಿತು. ಹುಡುಗಿ ಕಣ್ಣೀರು ತಂದುಕೊಂಡು, "ಅಜ್ಜಿ ತಪ್ಪು ಬರೆದಿದ್ದಾರಾ ಗುರುಗಳೇ?" ಎಂದು ಕೇಳಿದಳು. ಪಕ್ಕದಲ್ಲಿ ಕುಳಿತಿದ್ದ ಅವಳ ತಂದೆ, "ನಮ್ಮವ್ವ ಲೆಕ್ಕದಲ್ಲಿ ತಪ್ಪಿದವಳೇ ಅಲ್ಲ" ಎಂದಷ್ಟೇ ಹೇಳಿ ಸುಮ್ಮನಾದರು. ಇಬ್ಬರ ಮಾತೂ ನಮ್ಮ ಮನಸ್ಸಿನಲ್ಲಿ ಉಳಿಯಿತು. ಪ್ರಶ್ನೆ ಹೋಳಿಗೆಯದು ಮಾತ್ರವಾಗಿರಲಿಲ್ಲ. ಲಿಂಗೈಕ್ಯರಾದ ಒಬ್ಬ ತಾಯಿಯ ಮಾತು ನಂಬತಕ್ಕದ್ದೋ ಅಲ್ಲವೋ ಎಂಬುದಾಗಿತ್ತು.

ಆ ಪುಸ್ತಕವನ್ನು ನಾವು ಮೊದಲಿನಿಂದ ತಿರುವಿ ನೋಡಿದೆವು. ಉತ್ತರವು ಅದರಲ್ಲಿಯೇ ಇತ್ತು. ಆದರೆ ಅದನ್ನು ಹೇಳುವ ಮುನ್ನ ಸೇರೆಂಬ ಈ ಪುಟ್ಟ ಶಬ್ದದ ಚರಿತ್ರೆಯನ್ನು ಸ್ವಲ್ಪ ವಿಚಾರಿಸಬೇಕಾಗಿದೆ.

ಒಂದೇ ಹೆಸರಿನ ಎರಡು ಸೇರು

ನಮ್ಮ ಹಿರಿಯರ ಬಳಕೆಯಲ್ಲಿ ಸೇರು ಎಂಬುದು ಎರಡು ಬೇರೆ ಬೇರೆ ವಸ್ತುಗಳ ಹೆಸರು. ಒಂದು ಅಳತೆಯ ಸೇರು, ಇನ್ನೊಂದು ತೂಕದ ಸೇರು. ಅಳತೆಯ ಸೇರೆಂದರೆ ಹಿತ್ತಾಳೆಯ ಅಥವಾ ಕಬ್ಬಿಣದ ಪಾತ್ರೆ. ಅದರ ಅರ್ಧ ಅಚ್ಚೇರು, ಕಾಲುಭಾಗ ಪಾವು, ಹದಿನಾರನೆಯ ಒಂದು ಭಾಗ ಚಟಾಕು. ಮೇಲೆ ಹೋದರೆ ಬಳ್ಳ, ಕೊಳಗ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಅಕ್ಕಿ, ಬೇಳೆ, ರಾಗಿ, ಜೋಳ, ಹಾಲು ಇವೆಲ್ಲ ಈ ಪಾತ್ರೆಗಳಲ್ಲಿ ಅಳೆಯಲ್ಪಡುತ್ತಿದ್ದವು. ಗದ್ದೆಯನ್ನು ಕೂಡ ಇಷ್ಟು ಖಂಡುಗ ಬಿತ್ತನೆಯ ಗದ್ದೆ ಎಂದು ಹೇಳುವ ರೂಢಿಯಿತ್ತು.

ಆದರೆ ಬೆಲ್ಲದ ಅಚ್ಚು ಪಾತ್ರೆಯಲ್ಲಿ ಹಿಡಿಸುವ ವಸ್ತುವಲ್ಲ. ಹುಣಸೆಹಣ್ಣೂ ಅಲ್ಲ, ಒಣಮೆಣಸಿನಕಾಯಿಯೂ ಅಲ್ಲ. ಇವುಗಳನ್ನು ತಕ್ಕಡಿಯಲ್ಲಿಟ್ಟು ತೂಗಬೇಕು. ಅಲ್ಲಿ ಬಳಕೆಯಾಗುತ್ತಿದ್ದುದು ತೂಕದ ಸೇರು. ಇದರ ಮೂಲಮಾನ ತೊಲ. ಬ್ರಿಟಿಷರ ಕಾಲದ ಬೆಳ್ಳಿಯ ರೂಪಾಯಿ ನಾಣ್ಯದ ತೂಕ ಒಂದು ತೊಲ, ಅಂದರೆ ಇಂದಿನ ಲೆಕ್ಕದಲ್ಲಿ 11.66 ಗ್ರಾಂ. ಹೀಗಾಗಿಯೇ ಹಳಬರು "ಇಷ್ಟು ರೂಪಾಯಿ ತೂಕ" ಎಂದು ಹೇಳುತ್ತಿದ್ದುದು. 80 ತೊಲ ಕೂಡಿದರೆ ಪಕ್ಕಾ ಸೇರು. ಅದು 933 ಗ್ರಾಂ. ಹಳೆಯ ಮೈಸೂರು ಸೀಮೆಯಲ್ಲಿಯಾದರೋ ಇದಲ್ಲದೆ ಕಚ್ಚಾ ಸೇರೆಂಬುದೊಂದಿತ್ತು. ಅದರ ತೂಕ 24 ತೊಲ ಮಾತ್ರ, ಅಂದರೆ 280 ಗ್ರಾಂ. ಅಂಥ 40 ಸೇರಿಗೆ ಒಂದು ಮಣ. ಅದು ಸುಮಾರು 11.2 ಕಿಲೋ. ಪಕ್ಕಾ ಸೇರಿನ ಮಣವಾದರೆ 37.3 ಕಿಲೋ. ಒಂದೇ ಹೆಸರು, ಮೂರು ಪಟ್ಟಿಗೂ ಮೀರಿದ ಅಂತರ.

ಇದು ಹಳಬರ ಅವ್ಯವಸ್ಥೆಯೆಂದು ನಗುವ ಹಾಗಿಲ್ಲ. ಯಾವ ಪದಾರ್ಥಕ್ಕೆ ಯಾವ ಸೇರೆಂಬುದು ಎಲ್ಲರಿಗೂ ತಿಳಿದಿತ್ತು. ತಿಳಿದದ್ದನ್ನು ಯಾರೂ ಬರೆಯುವುದಿಲ್ಲ. ಬರೆಯದೆ ಉಳಿದ ಆ ತಿಳಿವಳಿಕೆಯೇ ಮುಂದಿನ ಪೀಳಿಗೆಗೆ ಒಗಟಾಗುತ್ತದೆ.

ನಾಲ್ಕು ತಾಲ್ಲೂಕು, ಮೂರು ಸೀಮೆ

ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮನೆಗಳಲ್ಲಿ ಈ ಒಗಟು ಇನ್ನಷ್ಟು ಬಿಗಿಯಾಗಿದೆ. ಇವೆಲ್ಲ ಇಂದು ದಾವಣಗೆರೆ ಜಿಲ್ಲೆಯವು. ಆದರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚೆ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿಯು ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ. ಸ್ವಾತಂತ್ರ್ಯಪೂರ್ವದಲ್ಲಿ ಇವು ಮೈಸೂರು ಮಹಾರಾಜರ ಆಳ್ವಿಕೆಯಲ್ಲಿದ್ದರೆ, ತುಂಗಭದ್ರೆಯನ್ನು ದಾಟಿದೊಡನೆ ಸಿಗುವ ರಾಣೆಬೆನ್ನೂರು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಜಗಳೂರಿಗೆ ಅಂಟಿಕೊಂಡ ಕೂಡ್ಲಿಗಿ, ಕೊಟ್ಟೂರುಗಳು ಬಳ್ಳಾರಿ ಜಿಲ್ಲೆಯ ಭಾಗವಾಗಿ 1953ರವರೆಗೆ ಮದರಾಸಿನ ಆಡಳಿತದಲ್ಲಿದ್ದವು.

ಸರ್ಕಾರಗಳ ಗಡಿ ಹೀಗಿದ್ದರೂ ನಮ್ಮ ಬಂಧುತ್ವಕ್ಕೆ ಆ ಗಡಿ ಅಡ್ಡಿಯಾಗಲಿಲ್ಲ. ರಾಣೆಬೆನ್ನೂರಿನ ಹೆಣ್ಣು ಹೊನ್ನಾಳಿಗೆ ಬಂದಳು. ಕೊಟ್ಟೂರಿನ ಹೆಣ್ಣು ಜಗಳೂರಿಗೆ ಸೊಸೆಯಾದಳು. ಬರುವಾಗ ತವರಿನ ಅಡುಗೆಯ ಪ್ರಮಾಣವನ್ನು ನೆನಪಿನಲ್ಲಿ ತಂದಳು, ಕೆಲವರು ತವರಿನ ಪಾವನ್ನೇ ತಂದರು. ಇದರಿಂದಾಗಿ ಒಂದೇ ಊರಿನ ಅಕ್ಕಪಕ್ಕದ ಎರಡು ಮನೆಗಳ ಪಾವು ಒಂದೇ ಗಾತ್ರದ್ದಾಗಿರಬೇಕೆಂಬ ನಿಯಮವಿಲ್ಲ. ಕನ್ನಡ ನಾಡಿನಲ್ಲಿ ಇದು ಹೊಸದೂ ಅಲ್ಲ. ನಮ್ಮ ಶಾಸನಗಳಲ್ಲಿ ದತ್ತಿಯ ಧಾನ್ಯವನ್ನು ಮಾನ, ಬಳ್ಳ, ಕೊಳಗ, ಖಂಡುಗಗಳಲ್ಲಿ ಹೇಳಿರುವುದನ್ನು ಕಾಣುತ್ತೇವೆ. ಅಳತೆಯ ಲೆಕ್ಕಗಳು ಎಷ್ಟು ಮುಖ್ಯವಾಗಿದ್ದವೆಂದರೆ, ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತವೆಂಬ ಗ್ರಂಥವನ್ನು ರಚಿಸಿದನು.

ಭಾರತ ಸರ್ಕಾರವು 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆಯನ್ನು ತಂದು, 1958ರ ಅಕ್ಟೋಬರ್ 1ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿಯನ್ನು ಜಾರಿಗೊಳಿಸಿತು. ಸಂತೆಯಲ್ಲಿ ಕಿಲೋ ಬಂದಿತು, ಲೀಟರು ಬಂದಿತು. ಜಗಳೂರಿನಲ್ಲಿ 1950ರಲ್ಲಿ ಮೊದಲ ತರಳಬಾಳು ಹುಣ್ಣಿಮೆ ನಡೆದಾಗ ನಾಡಿನ ಲೆಕ್ಕವೆಲ್ಲ ಸೇರು ಕೊಳಗಗಳಲ್ಲಿತ್ತು. 2018ರಲ್ಲಿ ಅದೇ ಜಗಳೂರಿನಲ್ಲಿ ಮತ್ತೆ ಆ ಮಹೋತ್ಸವ ನಡೆದಾಗ ದಾಸೋಹದ ಧಾನ್ಯದ ಲೆಕ್ಕ ಕ್ವಿಂಟಾಲುಗಳಿಗೆ ಬಂದಿತ್ತು. ಆದರೆ ಅಂಗಡಿಗೆ ಬಂದ ಕಿಲೋ ಅಡುಗೆಮನೆಯ ಹೊಸ್ತಿಲನ್ನು ಪೂರ್ಣವಾಗಿ ದಾಟಲಿಲ್ಲ. ಚನ್ನಗಿರಿಯ ಅಡಿಕೆ ಬೆಳೆಗಾರರ ಮನೆಯಲ್ಲಿ ಅಂಗಳದ ಅಡಿಕೆ ಕ್ವಿಂಟಾಲಿನ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಒಳಗೆ ಅನ್ನಕ್ಕೆ ಅಕ್ಕಿ ಇನ್ನೂ ಪಾವಿನಲ್ಲಿಯೇ ಬೀಳುತ್ತದೆ.

ಪಾವಿಗೆ ಪಾವು ಸಮವಲ್ಲ

ಇಲ್ಲಿ ಗೃಹಿಣಿಯರು ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಅಳತೆಯು ವಸ್ತುವು ಆಕ್ರಮಿಸುವ ಸ್ಥಳವನ್ನು ಹೇಳುತ್ತದೆ, ತೂಕವು ಅದರ ಭಾರವನ್ನು ಹೇಳುತ್ತದೆ. ಒಂದೇ ಪಾವಿನಲ್ಲಿ ಮಂಡಕ್ಕಿ ತುಂಬಿ ನೋಡಿರಿ, ಉಪ್ಪನ್ನು ತುಂಬಿ ನೋಡಿರಿ. ಪಾತ್ರೆ ಎರಡಕ್ಕೂ ಒಂದೇ. ಭಾರ ಹತ್ತು ಪಟ್ಟಿಗೂ ಹೆಚ್ಚು ಬೇರೆ. ಆದ್ದರಿಂದ ಪಾವಿಗೆ ಇಷ್ಟು ಗ್ರಾಂ ಎಂಬ ಒಂದೇ ಸೂತ್ರ ಯಾವ ಕಾಲಕ್ಕೂ ಸಾಧ್ಯವಿಲ್ಲ. ಪ್ರತಿಯೊಂದು ಪದಾರ್ಥಕ್ಕೂ ಅದರದೇ ಲೆಕ್ಕ ಬೇಕು. ಇದಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಾಗಿಲ್ಲ. ಅಂಗಡಿಯಿಂದ ತಂದ ಎಣ್ಣೆಯ ಪೊಟ್ಟಣವನ್ನು ತಿರುವಿ ಓದಿದರೆ, ಒಂದು ಲೀಟರು ಎಂದು ಬರೆದ ಪಕ್ಕದಲ್ಲಿಯೇ ಸುಮಾರು 910 ಗ್ರಾಂ ಎಂದೂ ಬರೆದಿರುತ್ತದೆ.

ಅನ್ನದ ಮಾತನ್ನೇ ನೋಡೋಣ. ಒಂದಕ್ಕೆ ಎರಡು ನೀರು ಎಂಬುದು ಬಹಳ ಮನೆಗಳ ರೂಢಿ. ಒಂದು ಪಾವು ಅಕ್ಕಿಗೆ ಎರಡು ಪಾವು ನೀರು. ಎರಡೂ ಒಂದೇ ಪಾತ್ರೆಯ ಅಳತೆ. ಇದನ್ನು ಕೇಳಿ ತಿಳಿದ ಹೊಸ ಸೊಸೆ, ಬಂಧುಗಳು ಬಂದ ದಿನ ಮೂರು ಕಿಲೋ ಅಕ್ಕಿಗೆ ಆರು ಲೀಟರು ನೀರಿಟ್ಟರೆ ಅನ್ನ ಗಟ್ಟಿಯಾಗಿ ಉಳಿಯುತ್ತದೆ. ಕಾರಣವಿಷ್ಟೆ. ಒಂದು ಲೀಟರು ಹಿಡಿಯುವ ಪಾತ್ರೆಯಲ್ಲಿ ಅಕ್ಕಿ ಸುಮಾರು 820 ಗ್ರಾಂ ಮಾತ್ರ ಹಿಡಿಯುತ್ತದೆ. ಮೂರು ಕಿಲೋ ಅಕ್ಕಿಯನ್ನು ಅಳೆದರೆ ಮೂರೂವರೆ ಲೀಟರಿಗೂ ಮೀರುತ್ತದೆ. ಅದಕ್ಕೆ ಎರಡು ಪಟ್ಟು ಎಂದರೆ ಏಳು ಲೀಟರಿಗಿಂತ ಹೆಚ್ಚು ನೀರು. ಅಳತೆಯ ಒಂದಕ್ಕೆ ಎರಡು ಎಂಬುದು ತೂಕದಲ್ಲಿ ಒಂದಕ್ಕೆ ಹತ್ತಿರ ಹತ್ತಿರ ಎರಡೂವರೆಯಾಗುತ್ತದೆ. ಅನುಪಾತವು ಎರಡು ಕಡೆಯೂ ಒಂದೇ ಬಗೆಯ ಮಾನವಿದ್ದಾಗ ಮಾತ್ರ ಸತ್ಯ. ಒಂದನ್ನು ತೂಗಿ ಇನ್ನೊಂದನ್ನು ಅಳೆದರೆ ಅದು ಮೋಸ ಮಾಡುತ್ತದೆ. ದೊಡ್ಡ ಪಾತ್ರೆಯಲ್ಲಿ ಆವಿಯಾಗುವ ನೀರು ಪ್ರಮಾಣದಲ್ಲಿ ಕಡಿಮೆ, ಹಳೆಯ ಅಕ್ಕಿ ಹೊಸ ಅಕ್ಕಿಗಿಂತ ಹೆಚ್ಚು ನೀರು ಕುಡಿಯುತ್ತದೆ ಎಂಬ ಅನುಭವದ ಮಾತುಗಳು ಇದರ ಮೇಲೆ.

ಎಲ್ಲ ಕಡೆಯೂ ಈ ತೊಡಕು ಬರುವುದಿಲ್ಲವೆಂಬುದೂ ಸತ್ಯವೇ. ಇಡ್ಲಿಯ ಅಕ್ಕಿಗೂ ಉದ್ದಿನಬೇಳೆಗೂ ಪಾವಿನ ಭಾರ ಹತ್ತಿರ ಹತ್ತಿರ ಒಂದೇ. ಅಲ್ಲಿ ಅಳೆದರೂ ತೂಗಿದರೂ ಅನುಪಾತ ಕೆಡುವುದಿಲ್ಲ. ಆದರೆ ಅದೇ ಹಿಟ್ಟಿಗೆ ಒಂದು ಪಾವು ಅವಲಕ್ಕಿ ಎಂದಿರುವ ಕಡೆ ಅಕ್ಕಿಯ ಲೆಕ್ಕದಲ್ಲಿ 200 ಗ್ರಾಂ ಅವಲಕ್ಕಿ ಹಾಕಿದರೆ, ಬೇಕಾದುದರ ಎರಡು ಪಟ್ಟು ಬಿದ್ದಂತೆ.

ಹಿಟ್ಟುಗಳ ಸ್ವಭಾವ ಇನ್ನೂ ಬೇರೆ. ಗಿರಣಿಯಿಂದ ಆಗತಾನೆ ಬಂದ ರಾಗಿಹಿಟ್ಟು ಗಾಳಿಯಾಡಿಕೊಂಡು ಹಗುರಾಗಿರುತ್ತದೆ. ಡಬ್ಬಿಯಲ್ಲಿ ನಾಲ್ಕು ದಿನ ಕುಳಿತರೆ ಇಳಿದು ಗಟ್ಟಿಯಾಗುತ್ತದೆ. ಅದೇ ಪಾವು ಮೊದಲ ದಿನ ಒಂದು ಭಾರ, ಐದನೆಯ ದಿನ ಇನ್ನೊಂದು ಭಾರ. ಮುದ್ದೆ ಒಂದು ದಿನ ಮೆತ್ತಗೆ, ಒಂದು ದಿನ ಗಟ್ಟಿ ಎಂದು ಸೊಸೆಯನ್ನು ಆಕ್ಷೇಪಿಸುವ ಮುನ್ನ ಜಗಳೂರಿನ ಅತ್ತೆಯರು ಹಿಟ್ಟಿನ ಡಬ್ಬಿಯನ್ನೂ ಒಮ್ಮೆ ವಿಚಾರಿಸುವುದು ನ್ಯಾಯ.

ಅಳೆಯುವ ಕೈಯೂ ಲೆಕ್ಕಕ್ಕೆ ಸೇರುತ್ತದೆ. ನಾವು ಬಾಲ್ಯದಲ್ಲಿ ಮಠದ ಉಗ್ರಾಣದಲ್ಲಿ ಸೇವೆಗಿದ್ದಾಗ ಅಲ್ಲಿದ್ದ ಹಿರಿಯರೊಬ್ಬರು ಭಕ್ತರು ತಂದ ಕಾಳನ್ನು ಸೇರಿನ ಬಾಯಿಮಟ್ಟಕ್ಕೆ ಕೈಯಿಂದ ಸವರಿ ಅಳೆದು ತೆಗೆದುಕೊಳ್ಳುತ್ತಿದ್ದರು. ದಾಸೋಹದ ಒಲೆಗೆ ಕೊಡುವಾಗ ಗೋಪುರವಾಗಿ ತುಂಬಿ ಕೊಡುತ್ತಿದ್ದರು. ಮೊದಲ ಸೇರನ್ನು ಒಂದು ಎನ್ನದೆ "ಲಾಭ" ಎಂದು ಎಣಿಸುವುದು ಅವರ ಕ್ರಮ. ಹುಡುಗರಾದ ನಾವು, ಹೀಗೆ ಕೊಟ್ಟರೆ ಲೆಕ್ಕ ತಾಳೆಯಾಗುವುದು ಹೇಗೆಂದು ಕೇಳಿದ್ದುಂಟು. "ಆ ಗೋಪುರದ ಲೆಕ್ಕ ನನ್ನದಲ್ಲಪ್ಪ, ಶಿವನದು" ಎಂದು ಅವರು ನಗುತ್ತಿದ್ದರು. ಸವರಿದ ಸೇರಿಗೂ ಗೋಪುರದ ಸೇರಿಗೂ ಇರುವ ಅಂತರ ಎಷ್ಟೆಂಬುದು ತೂಗಿ ನೋಡಿದವರಿಗೇ ಗೊತ್ತು. ಅಜ್ಜಿಯ ಪ್ರಮಾಣವನ್ನು ಬರೆದುಕೊಳ್ಳುವಾಗ ಅವರು ಸವರುತ್ತಿದ್ದರೋ, ಗೋಪುರ ಬಿಡುತ್ತಿದ್ದರೋ ಎಂಬುದನ್ನೂ ಕೇಳಿ ಬರೆಯಬೇಕು.

ಮನೆಯಲ್ಲಿಯೇ ಮಾಡಬಹುದಾದ ಪಟ್ಟಿ

ಈ ತೊಡಕಿಗೆ ಪರಿಹಾರ ಕಷ್ಟದ್ದಲ್ಲ. ಗ್ರಾಂ ತೋರಿಸುವ ಸಣ್ಣ ತಕ್ಕಡಿಯೊಂದು ಬೇಕು. ಮನೆಯಲ್ಲಿ ಇಲ್ಲದಿದ್ದರೆ ಪರಿಚಯದ ಅಂಗಡಿಯವರಲ್ಲಿಗೆ ಹೋದರೂ ಆದೀತು. ಮೊದಲು ಮನೆಯ ಖಾಲಿ ಪಾವನ್ನು ತೂಗಿರಿ. ಆಮೇಲೆ ಅದರ ಬಾಯಿಮಟ್ಟಕ್ಕೆ ನೀರು ತುಂಬಿ ತೂಗಿ, ಪಾತ್ರೆಯ ತೂಕವನ್ನು ಕಳೆಯಿರಿ. ನೀರಿನ ಒಂದು ಗ್ರಾಂ ಒಂದು ಮಿಲಿಲೀಟರಿಗೆ ಸಮವಾದ್ದರಿಂದ, ಉಳಿದ ಗ್ರಾಮುಗಳೇ ನಿಮ್ಮ ಪಾವಿನ ಗಾತ್ರ. ಬಳಿಕ ಪಾತ್ರೆಯನ್ನು ಒರೆಸಿ ಒಣಗಿಸಿ, ನೀವು ನಿತ್ಯ ಬಳಸುವ ಒಂದೊಂದು ಪದಾರ್ಥವನ್ನೂ ನೀವು ಅಳೆಯುವ ರೀತಿಯಲ್ಲಿಯೇ ತುಂಬಿ ತೂಗಿ ಬರೆದಿಡಿರಿ. ಒಂದೊಂದನ್ನು ಮೂರು ಸಲ ತೂಗಿ ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು.

ಹೋಲಿಸಿ ನೋಡಲು ಅನುಕೂಲವಾಗಲೆಂದು, 250 ಮಿಲಿಲೀಟರು ಹಿಡಿಯುವ ಪಾವನ್ನು ಬಾಯಿಮಟ್ಟಕ್ಕೆ ಸವರಿ ಅಳೆದಾಗ ಬರುವ ಸುಮಾರು ತೂಕಗಳನ್ನು ಇಲ್ಲಿ ಕೊಟ್ಟಿದ್ದೇವೆ:

ನೀರು: 250 ಗ್ರಾಂ
ಹಾಲು: 257 ಗ್ರಾಂ
ಎಣ್ಣೆ, ಕರಗಿದ ತುಪ್ಪ: 228 ಗ್ರಾಂ
ಜೇನುತುಪ್ಪ: 350 ಗ್ರಾಂ
ಅಕ್ಕಿ: 200ರಿಂದ 210 ಗ್ರಾಂ
ತೊಗರಿಬೇಳೆ, ಕಡಲೆಬೇಳೆ: 195ರಿಂದ 210 ಗ್ರಾಂ
ಸಕ್ಕರೆ: 200ರಿಂದ 215 ಗ್ರಾಂ
ಸಣ್ಣ ರವೆ: 165ರಿಂದ 180 ಗ್ರಾಂ
ರಾಗಿಹಿಟ್ಟು, ಜೋಳದ ಹಿಟ್ಟು: 130ರಿಂದ 150 ಗ್ರಾಂ
ಗೋಧಿಹಿಟ್ಟು: 120ರಿಂದ 140 ಗ್ರಾಂ
ಪುಡಿ ಉಪ್ಪು: 290ರಿಂದ 310 ಗ್ರಾಂ
ದಪ್ಪ ಅವಲಕ್ಕಿ: 80ರಿಂದ 110 ಗ್ರಾಂ
ಮಂಡಕ್ಕಿ: 15ರಿಂದ 25 ಗ್ರಾಂ

ಈ ಪಟ್ಟಿ ದಾರಿ ತೋರಿಸುವುದಕ್ಕೆ ಮಾತ್ರ. ಪ್ರಮಾಣವಾಗಬೇಕಾದದ್ದು ನಿಮ್ಮ ಮನೆಯ ಪಾವು. ಹಳೆಯ ಅಡುಗೆಯ ಪ್ರಮಾಣವನ್ನು ತೂಕಕ್ಕೆ ತಿರುಗಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದು ಅಳೆಯುವ ಪದಾರ್ಥವೋ, ತೂಗುವ ಪದಾರ್ಥವೋ? ಅಳೆಯುವುದಾದರೆ ಯಾರ ಮನೆಯ ಸೇರು, ಸವರಿದ್ದೋ ಗೋಪುರದ್ದೋ? ತೂಗುವುದಾದರೆ ಕಚ್ಚಾ ಸೇರೋ, ಪಕ್ಕಾ ಸೇರೋ?

ಆ ಮೂರು ಸೇರು ಬೆಲ್ಲ

ಈಗ ಹೊನ್ನಾಳಿ ಸೀಮೆಯ ಆ ಮನೆಗೆ ಮರಳೋಣ. ಲೆಕ್ಕದ ಪುಸ್ತಕದ ಮುಂಬದಿಯಲ್ಲಿ ಮನೆಯ ಯಜಮಾನರಾಗಿದ್ದವರ ಕೈಬರಹದ ಖರೀದಿಯ ಲೆಕ್ಕಗಳಿದ್ದವು. ಬೆಲ್ಲ ಕೊಂಡ ದಿನದ ಬಾಬಿನಲ್ಲಿ, ಸೇರು ಒಂದಕ್ಕೆ 24 ತೊಲ ಎಂದು ಸ್ಪಷ್ಟವಾಗಿ ಬರೆದಿತ್ತು. ಹಾಗಾದರೆ ಅಜ್ಜಿಯವರ ಮೂರು ಸೇರು ಬೆಲ್ಲವೆಂದರೆ 72 ತೊಲ, ಇಂದಿನ ಲೆಕ್ಕಕ್ಕೆ 840 ಗ್ರಾಂ. ಇನ್ನು ಬೇಳೆಯ ಸೇರು. ಅಟ್ಟದ ಮೇಲಿನ ಹಳೆಯ ಪಾತ್ರೆಗಳ ರಾಶಿಯಿಂದ ಹಿತ್ತಾಳೆಯ ಸೇರನ್ನು ಹುಡುಕಿ ತಂದರು. ಗುಜರಿಗೆ ಹಾಕುವ ಚೀಲದಲ್ಲಿತ್ತಂತೆ. ನೀರು ತುಂಬಿ ತೂಗಿದಾಗ 1,060 ಗ್ರಾಂ ಬಂದಿತು. ಕಡಲೆಬೇಳೆಯನ್ನು ತುಂಬಿ, ಸವರಿ ತೂಗಿದಾಗ ಬಂದದ್ದು 850 ಗ್ರಾಂ.

ಬೇಳೆ 850, ಬೆಲ್ಲ 840. ಸಮಕ್ಕೆ ಸಮ. ಹೋಳಿಗೆಯ ಹೂರಣಕ್ಕೆ ನಮ್ಮ ಕಡೆಯ ಬಾಣಸಿಗರು ಹೇಳುವ ಪ್ರಮಾಣವೂ ಇದೇ ಅಲ್ಲವೆ?

ತಕ್ಕಡಿಯ ಅಂಕಿಯನ್ನು ನೋಡುತ್ತಿದ್ದ ಮೊಮ್ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಅವಳ ತಂದೆ ಆ ಸೇರನ್ನು ಎತ್ತಿಕೊಂಡು, ಹೆಗಲ ವಸ್ತ್ರದಿಂದ ಒರೆಸಿ ದೇವರ ಜಗುಲಿಯ ಹತ್ತಿರ ಇಟ್ಟರು. ಪುಣ್ಯಸ್ಮರಣೆಯ ದಿನ ನಾವೂ ಪಂಕ್ತಿಯಲ್ಲಿದ್ದೆವು. ಹೋಳಿಗೆಯನ್ನು ಬಾಯಿಗಿಟ್ಟ ನೆರೆಮನೆಯ ವೃದ್ಧೆಯೊಬ್ಬರು ತಲೆಯೆತ್ತಿ ಒಳಮನೆಯ ಕಡೆ ನೋಡಿದರು. ಯಾರನ್ನು ಹುಡುಕಿದರೆಂದು ಅಲ್ಲಿದ್ದವರಿಗೆಲ್ಲ ತಿಳಿಯಿತು.

ಆಯ್ದಕ್ಕಿ ಮಾರಯ್ಯನವರ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವುದೇ. ಕಲ್ಯಾಣದಲ್ಲಿ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಲಕ್ಕಮ್ಮನವರು ಅದು ತಮ್ಮದಲ್ಲವೆಂದು ಹಿಂದಿರುಗಿಸಲು ಹೇಳಿದರು. ಆ ಕಥೆಯನ್ನು ನಾವು ನಿರಾಸೆಯ, ನಿಸ್ಪೃಹತೆಯ ಪಾಠವಾಗಿ ಓದುತ್ತೇವೆ, ಅದು ಸರಿಯೇ. ಆದರೆ ಆ ತಾಯಿಗೆ ಅಕ್ಕಿ ಹೆಚ್ಚಾಯಿತೆಂದು ಕಂಡುಕೊಳ್ಳುವ ಅಳತೆಯ ಜ್ಞಾನವೂ ಇತ್ತೆಂಬುದನ್ನು ಮರೆಯಬಾರದು. ತನ್ನ ಮನೆಗೆ ಎಷ್ಟು ಬೇಕೆಂದು ಬಲ್ಲವರಿಗೆ ಮಾತ್ರ ಎಷ್ಟು ಹೆಚ್ಚೆಂದು ತಿಳಿಯುತ್ತದೆ.

ನಮ್ಮ ಮನೆಗಳಲ್ಲಿ ಅಂಥ ಅಳತೆಬಲ್ಲ ಹಿರಿಯ ತಾಯಂದಿರು ಇನ್ನೂ ಇದ್ದಾರೆ. ಅವರು ಇರುವಾಗಲೇ ಪಾವನ್ನೂ ತಕ್ಕಡಿಯನ್ನೂ ಅವರ ಮುಂದಿಟ್ಟು ಕುಳಿತುಕೊಳ್ಳಿರಿ. ಅವರು ಅಳೆಯಲಿ, ನೀವು ತೂಗಿರಿ, ಮಕ್ಕಳು ಬರೆದುಕೊಳ್ಳಲಿ. ಆ ಹಾಳೆಯ ಮೇಲೆ ಯಾರ ಪಾವು, ಯಾವ ಊರಿನಿಂದ ಬಂದದ್ದು, ಸವರಿದ್ದೋ ಗೋಪುರದ್ದೋ ಎಂಬುದನ್ನೂ ಬರೆಯಿರಿ. ಹಿತ್ತಾಳೆಯ ಸೇರನ್ನು ಗುಜರಿಯವನ ಚೀಲಕ್ಕೆ ಹಾಕುವ ಮುನ್ನ ಅದಕ್ಕೊಮ್ಮೆ ನೀರು ತುಂಬಿ ತೂಗಿ ನೋಡಿರಿ.

ಶರಣು ಶರಣಾರ್ಥಿ.